ನಾಲ್ಕನೆಯ ನಟ್

ಹೊಸಪೇಟೆ
ಶನಿವಾರ, ೧೬-೧೧-೨೦೨೪
ಬೆಳಿಗ್ಗೆ ಆರು ಗಂಟೆ

ತಿಪ್ಪೇಶ್ ಅವರಿಗೆ, ಮನೆಯಲ್ಲಿ ಎಲ್ಲ ಕ್ಷೇಮವೆಂದು ಸುಳ್ಳು ಬರೆಯಲು ಮನಸ್ಸಿಲ್ಲದ ತುಳಸಿಯ ನಮಸ್ಕಾರ.

ಮೊದಲು ಒಂದು ಮಾತು. ಈ ಕಾಗದ ಪೂರ್ತಿ ಓದುವವರೆಗೆ ಬೈಕಿಗೆ ಕಿಕ್ ಹೊಡೆಯಬೇಡಿ. ಹತ್ತು ಗಂಟೆಗೆ ಗುಡ್ಡದ ಮೇಲೆ ಪ್ರಾಕ್ಟೀಸ್ ಇದೆ ಎಂದು ಗೊತ್ತು. ನಾಳೆ ರೇಸ್ ಇದೆ ಎಂದೂ ಗೊತ್ತು. ಆದರೂ ಓದಿ.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಿಮಗೆ ಬರೆಯುತ್ತಿರುವ ಮೊದಲ ಕಾಗದವಿದು, ಅದೂ ಗ್ಯಾರೇಜಿನ ಬಿಲ್ ಪುಸ್ತಕದ ಹಿಂಬದಿಯಲ್ಲಿ. ಸೋಮವಾರದಿಂದ ನಮಗೆ ಮಾತಿಲ್ಲ, ನನ್ನ ನಂಬರ್ ಕೂಡ ಬ್ಲಾಕ್ ಮಾಡಿದ್ದೀರಿ. ನಿನ್ನೆ ಅತ್ತೆಯ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ್ದೇ ತಡ, ಕಟ್ ಮಾಡಿದಿರಿ. ಯಶವಂತನಗರದಲ್ಲಿ ನೀವು ಯಾರ ಮನೆಯಲ್ಲಿ ಉಳಿದುಕೊಂಡಿದ್ದೀರೋ ಆ ಮೂಕಣ್ಣನಿಗೆ ಫೋನ್ ಮಾಡಬಹುದಿತ್ತು, ನಾನೇ ಮಾಡಲಿಲ್ಲ. ಅವನ ಕಿವಿಗೆ ಬಿದ್ದರೆ ಸಂಜೆಯೊಳಗೆ ಸಂಡೂರಿನ ಗ್ಯಾರೇಜುಗಳಲ್ಲೆಲ್ಲ ನನ್ನದೇ ಸುದ್ದಿ. ಕಂಪನಿ ಬಸ್ಸಿನ ಬಸವರಾಜಣ್ಣ ಏಳಕ್ಕೆ ಯಶವಂತನಗರಕ್ಕೆ ಹೊರಡುತ್ತಾನೆ. ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಸೋಮವಾರದ ಸಂಗತಿ ನಿಮಗೆ ಮರೆತಿರಲಿಕ್ಕಿಲ್ಲ. ನಲವತ್ತು ವರ್ಷದ ಆ ಟೂ-ಸ್ಟ್ರೋಕ್ ಬೈಕಿನ ಇಂಜಿನ್ನನ್ನು ತಿಂಗಳುಗಟ್ಟಲೆ ಕೂತು ಕಟ್ಟಿದವಳು ನಾನು. ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನ ನಾಲ್ಕು ನಟ್‌ಗಳನ್ನು ಹೇಗೆ ಬಿಗಿಯಬೇಕೆಂದು ಅಪ್ಪ ನನಗೆ ಹತ್ತು ವರ್ಷದವಳಿದ್ದಾಗಲೇ ಕಲಿಸಿದ್ದರು. ಒಂದಾದ ಮೇಲೆ ಅದರ ಎದುರು ಮೂಲೆಯದು, ಸ್ವಲ್ಪ ಸ್ವಲ್ಪವೇ, ಮೂರು ಸುತ್ತು. ಮೂರನೆಯ ಸುತ್ತು ಮುಗಿದ ನಟ್‌ಗೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು. ಬೊಟ್ಟು ಬಿದ್ದ ನಟ್‌ಗೆ ಮತ್ತೆ ಯಾರೂ ಪಾನಾ ಹಚ್ಚಿ ತಿರುಗಿಸಬಾರದು. ನಮ್ಮ ಗ್ಯಾರೇಜಿನ ಕಟ್ಟಳೆಯೇ ಅದು.

ನೀವು ಹಚ್ಚಿದಿರಿ. ಮೂರು ನಟ್‌ಗೆ ನಾನು ಬೊಟ್ಟು ಇಟ್ಟಿದ್ದೆ. ಮೂಕಣ್ಣ ಮತ್ತು ಇಬ್ಬರು ಗಿರಾಕಿಗಳ ಎದುರಿಗೆ ಮೂರಕ್ಕೂ ಪಾನಾ ಹಾಕಿ ಎಳೆದು ನೋಡಿದಿರಿ. ಒಂದೂ ಅಲ್ಲಾಡಲಿಲ್ಲ. ಅಲ್ಲಿಗೆ ಸುಮ್ಮನಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. "ಹೆಂಗಸ್ರ ಕೈ ನೋಡು ಮೂಕಣ್ಣ, ಒಮ್ಮೊಮ್ಮೆ ಬಿಗಿ ಆಗ್ತೈತಿ, ಒಮ್ಮೊಮ್ಮೆ ಇಲ್ಲ. ನಂಬಿ ಗುಡ್ಡ ಹತ್ತಾಕ ಆಗೂದಿಲ್ಲ" ಅಂದಿರಿ. ಅವನು ಹಲ್ಲು ಕಿರಿದ. ಇಬ್ಬರೂ ಚಹಾಕ್ಕೆ ಹೋದಿರಿ.

ನನಗೆ ಮೈಯೆಲ್ಲ ಉರಿಯಿತು. ನಾಲ್ಕನೆಯ ನಟ್‌ಗೆ ಎರಡೇ ಸುತ್ತು ಆಗಿತ್ತು. ಹಾಗೇ ಬಿಟ್ಟು ಒಳಗೆ ಹೋದೆ. ಮರುದಿನ ಬೆಳಿಗ್ಗೆ ಅತ್ತೆ ರೇಸಿನ ಬೈಕೆಂದು ಪೂಜೆ ಮಾಡಿದರಲ್ಲ, ಕಣ್ಣಿಗೆ ಕಂಡ ನಟ್‌ಗೆಲ್ಲ ಕುಂಕುಮ ಹಚ್ಚಿಬಿಟ್ಟರು. ಬೊಟ್ಟು ನೋಡಿ ನೀವು ಕೆಲಸ ಮುಗಿದಿದೆ ಎಂದುಕೊಂಡಿರಿ. ಬುಧವಾರ ನನಗೆ ಒಂದು ಮಾತೂ ಹೇಳದೆ ಬೈಕನ್ನು ಟೆಂಪೋಗೆ ಏರಿಸಿಕೊಂಡು ಹೋದಿರಿ. ಕಾರ್ಬುರೇಟರಿನ ಜೆಟ್ ಬರುವವರೆಗೆ ಸ್ಟಾರ್ಟ್ ಮಾಡಲಾರಿರಿ ಎಂದು ನಾನು ಧೈರ್ಯವಾಗಿದ್ದೆ. ಜೆಟ್ ನಿನ್ನೆ ಸಂಜೆ ಬಂತೆಂದು ಅತ್ತೆ ಹೇಳಿದ ಮೇಲೆಯೇ ಅವರ ಫೋನಿನಿಂದ ನಿಮಗೆ ಮಾಡಿದ್ದು.

ಆ ನಟ್ ಸೈಲೆನ್ಸರ್ ಕಡೆಯದು, ಎಡಗಡೆಗೆ. ಇಂಜಿನ್ ತಣ್ಣಗಿರುವಾಗಲೇ ಪಾನಾ ಹಾಕಿ ಒಮ್ಮೆ ನೋಡಿ. ಮೆಲ್ಲಗೆ ನೋಡಿ ಸಾಕು, ಜೋರು ಮಾಡಬೇಡಿ. ಅದು ಸಡಿಲವಾದರೆ ಹೆಡ್ ಸೋರುತ್ತದೆ, ಇಂಜಿನ್ ಕಾಯುತ್ತದೆ, ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ನಿಂತಲ್ಲೇ ನಿಲ್ಲುತ್ತದೆ. ಆ ಗುಡ್ಡದ ಇಳಿಜಾರಿನ ಒಂದು ಮಗ್ಗುಲಿಗೆ ಬರೀ ಕಮರಿ. ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ಆದರೆ ಸಿಟ್ಟು ಮಾಡುವುದಕ್ಕಾದರೂ ನೀವು ಇರಬೇಕು. ನೀವಿಲ್ಲದ ಮನೆಯಲ್ಲಿ ನಾನು ಯಾರ ಮೇಲೆ ಮುಖ ಊದಿಸಿಕೊಂಡು ಓಡಾಡಲಿ?

ನಿಮ್ಮ ಜೊತೆ ಇನ್ನೂ ಮಾತು ಬಿಟ್ಟಿರುವ,
ತುಳಸಿ

ಮತ್ತೆ: ಕಾಗದಕ್ಕೆ ಅಂಟು ಹಚ್ಚಿ ಬಸ್ಸಿನ ಹತ್ತಿರ ಹೋದವಳು ಕೊಡಲಾಗದೆ ಮತ್ತೆ ಒಡೆದಿದ್ದೇನೆ. ಬಸವರಾಜಣ್ಣ ಹಾರ್ನ್ ಹೊಡೆಯುತ್ತಿದ್ದಾನೆ.

ಮೇಲೆ ಬರೆದದ್ದನ್ನು ನಂಬಬೇಡಿ. ಅತ್ತೆ ಕುಂಕುಮ ಇಟ್ಟದ್ದು ಟ್ಯಾಂಕಿಗೆ, ಎರಡು ಚಕ್ರಕ್ಕೆ, ಅಷ್ಟೇ. ನಾಲ್ಕನೆಯ ನಟ್‌ಗೆ ಬೊಟ್ಟು ಇಟ್ಟವಳು ನಾನು. ನೀವು ಚಹಾಕ್ಕೆ ಹೋದಾಗ ನಾನು ಒಳಗೆ ಹೋಗಲಿಲ್ಲ. ಅಳತೆ ತೋರಿಸುವ ಟಾರ್ಕ್ ಪಾನಾ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ದೊಡ್ಡ ಪಾನಾಕ್ಕೆ ಪೈಪ್ ತೂರಿಸಿ, ನನ್ನ ಕೈ ಎಷ್ಟು ಬಿಗಿಯೆಂದು ತೋರಿಸುತ್ತೇನೆ ಅಂತ ಎಳೆದೆ. ಬಿಗಿಯಾಗುತ್ತ ಆಗುತ್ತ ಒಮ್ಮೆಲೇ ಹಗುರಾಯಿತು. ಕೆಳಗೆ, ನಟ್ ಕೂತ ಸ್ಟಡ್ಡು ಇಂಜಿನ್ನಿಗೆ ಕಚ್ಚಿಕೊಳ್ಳುವ ಥ್ರೆಡ್ ಅಲ್ಯೂಮಿನಿಯಂ ಸಮೇತ ಕಿತ್ತು ಬಂದಿತ್ತು. ನೀವು ಬರುವುದರೊಳಗೆ ಸ್ಟಡ್‌ಗೆ ಅಂಟು ತುಂಬಿ ಕೂರಿಸಿ, ಮೇಲೆ ಬೊಟ್ಟು ಇಟ್ಟೆ. ಹನ್ನೊಂದು ವರ್ಷದಲ್ಲಿ ನನ್ನ ಕೈಯಲ್ಲಿ ಒಂದೂ ಥ್ರೆಡ್ ಹೋಗಿರಲಿಲ್ಲ. ಅವತ್ತೇ ಹೋಯಿತೆಂದು ನಿಮ್ಮ ಮುಂದೆ ಹೇಳಲು ಬಾಯಿ ಬರಲಿಲ್ಲ.

ಪಾನಾ ಹಾಕಿ ನೋಡಿದರೆ ಅದು ಬಿಗಿಯಾಗಿಯೇ ಸಿಗುತ್ತದೆ. ಅದಕ್ಕೇ ಮೆಲ್ಲಗೆ ನೋಡಿ ಎಂದು ಬರೆದಿದ್ದೆ. ಇಂಜಿನ್ ಕಾದರೆ ಅಂಟು ನಿಲ್ಲುವುದಿಲ್ಲ. ಈ ರೇಸ್ ಬಿಡಿ.

ಈಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಮೂಕಣ್ಣನಿಗೂ ಫೋನ್ ಮಾಡಿ ಎಲ್ಲ ಹೇಳಿದೆ. ಬೈಕ್ ಸ್ಟಾರ್ಟ್ ಆಗದಂತೆ ಪ್ಲಗ್ ಕಿತ್ತು ನಿನ್ನ ಜೇಬಿನಲ್ಲಿ ಇಟ್ಟುಕೋ ಎಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕಿತ್ತೆ ಎಂದು ಅವನು ಹೇಳುವವರೆಗೂ ನಾನು ಫೋನ್ ಇಡಲಿಲ್ಲ.