ನಲವತ್ತಮೂರು ಸೆಕೆಂಡು

ಮಾರ್ಟಿನಿಕ್
ನವೆಂಬರ್ 8, ಭಾನುವಾರ

ಪ್ರೀತಿಯ ಕ್ಲೋಟಿಲ್ಡ್,

ಈಗ ಸಂಜೆ ನಾಲ್ಕೂವರೆ. ಬೆಳಗ್ಗೆ ಚರ್ಚಿನ ಬಲಿಪೂಜೆಗೆ ಹೋಗಿ ಬಂದೆ. ದೀವಿಹಲಸು ಬೇಯಿಸಿದೆ, ತಿನ್ನಲಾಗಲಿಲ್ಲ. ಆಮೇಲೆ ನಿನ್ನ ಪತ್ರ ಹಿಡಿದು ಕೂತೆ. ನೀನು ಬೈದಿಲ್ಲ. ಶಾಲೆಯ ಮಾಳಿಗೆಯ ಆಂಟೆನಾ ಆ ಹೊತ್ತು ಯಾಕೆ ಸುಮ್ಮನಿತ್ತು ಎಂದಷ್ಟೇ ಕೇಳಿದ್ದೀಯ.

ಅದನ್ನು ಕೂರಿಸಲು ಬಂದು ನನ್ನ ಮನೆಯಲ್ಲಿ ಮೂರು ವಾರ ಇದ್ದಾಗ, ಶಾಲೆ ಗುಡಿಸುವ ನನಗೂ ತಿಳಿಯುವಂತೆ ನೀನು ಹೇಳಿದ್ದೆ. ಎಲ್ಲೋ ದೂರದಲ್ಲಿ ದೊಡ್ಡ ನಕ್ಷತ್ರವೊಂದು ಸಾಯುವಾಗ ಗಾಮಾ ಕಿರಣ ಸಿಡಿಯುತ್ತದೆ. ಭೂಮಿ ಸುತ್ತುವ ದೂರದರ್ಶಕ ಅದನ್ನು ಕಂಡ ಕೂಡಲೇ ಕೆಳಗಿರುವ ಆಂಟೆನಾಕ್ಕೆ ದಿಕ್ಕು ತಿಳಿಸುತ್ತದೆ. ರಾತ್ರಿಯಿರುವ ಕಡೆಯ ದೊಡ್ಡ ದೂರದರ್ಶಕಗಳು ಉಳಿದ ಮಿನುಗು ಆರುವ ಮೊದಲೇ ಅತ್ತ ತಿರುಗಬೇಕು, ಆಗ ಮಾತ್ರ ಅದು ಎಷ್ಟು ದೂರದ್ದೆಂದು ತಿಳಿಯುತ್ತದೆ. "ಆಂಟೆನಾದ ಹಸಿರು ದೀಪ ಆರದ ಹಾಗೆ ನೋಡ್ಕೊಳ್ಳಿ ಅಮ್ಮಾ, ಅಷ್ಟು ಸಾಕು" ಅಂದಿದ್ದೆ.

ಅಕ್ಟೋಬರ್ ಮೂವತ್ತು, ಮಧ್ಯಾಹ್ನ. ಸತ್ತವರ ಹಬ್ಬಕ್ಕೆ ಮುಂಚೆ ಇಲ್ಲಿ ಎಲ್ಲರೂ ಸಮಾಧಿ ತೊಳೆದು ಸುಣ್ಣ ಬಳಿಯುತ್ತಾರೆ. ಜನವರಿಯಲ್ಲಿ ತೀರಿಹೋದ ನನ್ನ ಮಗ ಜೀನೋ ಮಲಗಿರುವುದು ಶಾಲೆಯ ಗೋಡೆಯಾಚೆಗೇ. ಪಾಚಿ ಬ್ರಷ್ಷಿಗೆ ಬಗ್ಗಲಿಲ್ಲ. ಶಾಲೆಯ ಕರೆಂಟಿನ ಕೆಲಸದ ಮಾಕ್ಸಿಮಿನ್ ಊಟಕ್ಕೆ ಹೊರಟವನು ನಿಂತ.

"ಏನಕ್ಕಾ, ಮಗನಿಗೆ ಹಲ್ಲು ಉಜ್ಜಿಸ್ದಂಗೆ ಉಜ್ತಿದ್ದೀಯ! ನನ್ನ ನೀರು ಚಿಮ್ಮೋ ಪಂಪು ತಗೋ. ಮಾಳಿಗೆ ಪ್ಲಗ್ ಮಾತ್ರ ಮುಟ್ಬೇಡ."

"ಹೋಗೋ, ನಿನ್ನ ಹೆಂಡ್ತಿ ಮೀನುಸಾರು ಆರ್ತದೆ. ನನಗೇ ಪ್ಲಗ್ ಕಲಿಸ್ತಾನೆ" ಎಂದೆ.

ರಜೆಯೆಂದು ಕೆಳಗಿನ ಕೋಣೆಗಳಿಗೆಲ್ಲ ಬೀಗ, ಕೀಲಿ ಮನೆಯಲ್ಲಿ. ಪಂಪಿನ ವೈರು ಮುಟ್ಟಿದ್ದು ಮಾಳಿಗೆಯ ಪ್ಲಗ್ಗಿಗೆ ಮಾತ್ರ. ಆಂಟೆನಾದ್ದನ್ನು ಕಿತ್ತೆ. ಇಪ್ಪತ್ತು ನಿಮಿಷದೊಳಗೆ ಯಾವ ನಕ್ಷತ್ರ ಸಾಯುತ್ತದೆ ಎಂದುಕೊಂಡೆ.

ಅಷ್ಟರೊಳಗೇ ಸತ್ತಿತು. ದೂರದರ್ಶಕ ಆಗ ನಮ್ಮ ನೆತ್ತಿಯ ಮೇಲೇ ಇತ್ತಂತೆ. ಅದು ಅಳೆದದ್ದೆಲ್ಲ ಸಂಜೆ ಬೇರೆ ಕೇಂದ್ರಕ್ಕೆ ಇಳಿಯಿತು ಎಂದು ಬರೆದಿದ್ದೀಯ: ನಲವತ್ತಮೂರು ಸೆಕೆಂಡು ಉರಿಯಿತು, ಎಷ್ಟು ಪ್ರಖರವಾಗಿತ್ತು, ಎಲ್ಲವೂ ಇದೆ. ಎಷ್ಟು ದೂರದ್ದು ಎಂಬುದೊಂದಿಲ್ಲ. ಉಳಿದವರು ತಿರುಗಿ ನೋಡುವಷ್ಟರಲ್ಲಿ ಮಿನುಗು ಆರಿತ್ತು. ಆರು ವರ್ಷ ನೀನು ಕಾದ, ಎಲ್ಲಕ್ಕಿಂತ ದೂರದ ನಕ್ಷತ್ರ ಅದೇ ಇರಬಹುದು, ಇಲ್ಲದಿರಬಹುದು. ಇನ್ನು ಯಾರಿಗೂ ತಿಳಿಯುವುದಿಲ್ಲ. ಅದು ಇನ್ನೊಮ್ಮೆ ಸಾಯುವುದಿಲ್ಲ. ಈ ಮಾತನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಮಾಧಿ ಬೆಳ್ಳಗಾಗಿದೆ. ಹಬ್ಬದ ಸಂಜೆ ಎಲ್ಲರ ಸಮಾಧಿಯ ಮೇಲೂ ಮೇಣದಬತ್ತಿ ಇತ್ತು. ಹಚ್ಚಲು ನನಗೆ ಕೈ ಬರಲಿಲ್ಲ. ಕ್ಷಮಿಸು ಎಂದು ಬರೆಯಲಾರೆ. ಬರೆದರೆ ನೀನು ಕ್ಷಮಿಸಿಬಿಡುತ್ತೀಯ.

ಇಂತಿ,
ಹೋರ್ಟೆನ್ಸ್

ತಾ.ಕ.: ಇದನ್ನು ನಿನ್ನೊಬ್ಬಳಿಗೇ ಬರೆದಿದ್ದೇನೆ. ಪ್ಲಗ್ ಕಿತ್ತವನು ಮಾಕ್ಸಿಮಿನ್ ಎಂದು ಶಾಲೆಗೆ ಬರೆದುಕೊಟ್ಟಿದ್ದೇನೆ. ಪಂಪು ಅವನದಾದ್ದರಿಂದ ಎಲ್ಲರೂ ನಂಬಿದರು. ಅವನನ್ನು ಕೆಲಸದಿಂದ ತೆಗೆಯುವ ವಿಚಾರಣೆ ನಾಳೆ ಬೆಳಗ್ಗೆ ಎಂಟಕ್ಕೆ. ಸಾಕ್ಷಿಗೆ ಕರೆದಿರುವುದು ನನ್ನೊಬ್ಬಳನ್ನೇ.