ಬೀಗ ಬಿದ್ದ ಕ್ಯಾಲೆಂಡರ್

ಗದಗ, ಅಕ್ಟೋಬರ್ 32, 2158

ನನ್ನ ಅಜ್ಜಿಯ ಅಜ್ಜಿ ಸುಮಂಗಲಾಗೆ ನೀಲಾಂಬಿಕೆಯ ನಮಸ್ಕಾರ.

ತಾರೀಖು ನೋಡಿ ನಗಬೇಡ. ದಸರೆಯ ದಣಿವು ಆರಲೆಂದು ನಾವು ನವೆಂಬರಿನಿಂದ ಒಂದು ದಿನ ಇಸಿದುಕೊಂಡಿದ್ದೇವೆ. ನನ್ನ ಕನ್ನಡವೂ ನಿನಗೆ ವಿಚಿತ್ರವೆನಿಸೀತು, ಹೊಟ್ಟೆಗೆ ಹಾಕಿಕೊ. ಈ ಕಾಗದ ಮುಟ್ಟುವಾಗ ನಿನಗಿನ್ನೂ ಇಪ್ಪತ್ತೊಂಬತ್ತು, ನನಗೆ ಅರವತ್ತೆರಡು; ಆದರೂ ಹಿರಿಯಳು ನೀನೇ.

ಇಲ್ಲಿ ಮನೆಮನೆಗೂ ಮಾತುಗೋಡೆಯಿದೆ, ಅಂದರೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಗೋಡೆ. ಆದರೂ ಪಡಸಾಲೆಯಲ್ಲಿ ನಿನ್ನ ಲಿನಕ್ಸ್ ಕಂಪ್ಯೂಟರ್ ಇಟ್ಟುಕೊಂಡಿದ್ದೇವೆ. ಡಿಸ್ಕ್ ಹನ್ನೊಂದು ಸಲ, ಕೀಬೋರ್ಡ್ ಏಳು ಸಲ ಬದಲಾದರೂ ಅದು ನಿನ್ನದೇ. ಅದರ ಕ್ಯಾಲೆಂಡರಿನಲ್ಲಿ ನೀನು ಬರೆದಿಟ್ಟ ಒಂದು ರಿಮೈಂಡರ್ ವರ್ಷಕ್ಕೊಮ್ಮೆ ಗಂಟೆ ಬಾರಿಸುತ್ತದೆ: “ತಂಗಿ ಜೋಡಿ ಮೊದಲು ನೀನ ಮಾತಾಡು.” ಅಂದು ನಮ್ಮ ಮನೆತನದ ಮುನಿಸೆಲ್ಲ ಮುಗಿಯಬೇಕು, ಅದೇ ಪದ್ಧತಿ. ಸೋತೆ ಅನ್ನಬೇಕಾಗಿಲ್ಲ, ಕ್ಯಾಲೆಂಡರ್ ಹೇಳಿತು ಅಂದರಾಯಿತು. ಬಸುರಿ ಸೊಸೆಯ ಕುಬಸಕ್ಕೆ ತಂದ ಸೀರೆಯ ಬಣ್ಣಕ್ಕೆ ಜಗಳಾಡಿ, ಹನ್ನೊಂದು ತಿಂಗಳು ತಂಗಿ ಶಾಕಾಂಬರಿಯ ಮುಖ ನೋಡದಿದ್ದ ನಾನು ಆ ಗಂಟೆಯ ದಾರಿ ಕಾಯುತ್ತಿದ್ದೆ.

ಇನ್ನು ಒಂದೇ ದಿನ ಅನ್ನುವಾಗ ಕ್ಯಾಲೆಂಡರ್ ಕೈಕೊಟ್ಟಿತು. ಡೇಟಾಬೇಸ್ ತೆರೆಯಲಾಗುತ್ತಿಲ್ಲ ಎಂದಷ್ಟೇ ಬರೆದು ಕೂತಿತು. ಮುಚ್ಚಿ ತೆರೆದೆ, ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ, ಪ್ರೋಗ್ರಾಮನ್ನು ಹೊಸದಾಗಿ ಹಾಕಿದೆ. ಫೈಲಿನ ನಕಲು ತೆಗೆಯಲು ಹೋದರೆ ಅದಕ್ಕೂ ಒಲ್ಲೆ ಎಂದಿತು. ಪಕ್ಕದ ಮನೆಯ ವಿರೂಪಾಕ್ಷಪ್ಪ ಬಂದು, ಆ ಫೈಲು ಅಳಿಸಿಬಿಡು, ಹೊಸದು ತಾನೇ ಹುಟ್ಟುತ್ತದೆ ಎಂದ. ಅಳಿಸಿದರೆ ನಿನ್ನ ಮಾತೂ ಹೋಗುತ್ತಿತ್ತು. ಬೆರಳು ಕೀಬೋರ್ಡಿನ ಮೇಲಿತ್ತು. ಮನಸ್ಸಾಗದೆ, ಕೊನೆಗೊಮ್ಮೆ ಫೈಲಿನ ವಿವರ ತೆಗೆದು ನೋಡಿದೆ. ಓದುವ ಅನುಮತಿಯೂ ಇಲ್ಲ, ಬರೆಯುವ ಅನುಮತಿಯೂ ಇಲ್ಲ. ಅದು ಕೆಟ್ಟಿರಲಿಲ್ಲ, ಯಾರೋ ಬೀಗ ಹಾಕಿದ್ದರು. ಬೀಗ ತೆಗೆಯುವ ಪಾಸ್‌ವರ್ಡ್ ಇದ್ದದ್ದು ಶಾಕಾಂಬರಿಯ ಬಳಿ ಮಾತ್ರ.

ಹೋದೆ, ಅಜ್ಜಿ. ಗಂಟೆ ಬಾರಿಸುವ ಮೊದಲೇ, ಯಾವ ನೆಪವೂ ಇಲ್ಲದೆ ಹೋಗಿ ಅವಳ ಬಾಗಿಲಲ್ಲಿ ನಿಂತು ಕೇಳಿದೆ.

“ನಾನ ಹಾಕೀನಿ, ಅಕ್ಕಾ,” ಅಂದಳು. “ಆಯುಧಪೂಜಾ ದಿನ ನೀ ಇಲ್ಲದಾಗ ಬಂದು ಕಂಪ್ಯೂಟರ್ ಪೂಜಾ ಮಾಡಿ, ಅದನ್ನ ಯಾರೂ ಮುಟ್ಟಬಾರದಂತ ಹಾಕಿದೆ. ತಗಿಯಾಕ ಬರಬೇಕಂದ್ರ ನಿನ್ನ ಜೋಡಿ ಮಾತಾಡಬೇಕಿತ್ತು.”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವಳು ಬಂದು ಒಂದು ಸಾಲು ಟೈಪ್ ಮಾಡಿದಳು, ಕ್ಯಾಲೆಂಡರ್ ತೆರೆದುಕೊಂಡಿತು. ಮರುದಿನ ಬೆಳಿಗ್ಗೆ ಗಂಟೆ ಬಾರಿಸಿದಾಗ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಗಿರಮಿಟ್ಟು ತಿನ್ನುತ್ತಿದ್ದೆವು. ನನಗಾದ ಸಂತೋಷ ಹೇಳತೀರದು.

ಈಗ ನಿನ್ನಲ್ಲೊಂದು ಬೇಡಿಕೆ. ಈ ವಾರ ನೀನು ನಿನ್ನ ತಂಗಿಯ ಮೇಲೆ ಮುನಿಸಿಕೊಂಡು, ಆಮೇಲೆ ಮನಸ್ಸು ತಡೆಯದೆ, ಆ ರಿಮೈಂಡರ್ ಬರೆಯಲು ಕೂರುತ್ತೀ. ಯಾವ ವರ್ಷದವರೆಗೆ ನೆನಪಿಸಲಿ ಎಂದು ಕ್ಯಾಲೆಂಡರ್ ಕೇಳುತ್ತದೆ. ಆ ಜಾಗ ಖಾಲಿ ಬಿಡು.