ಮೊದಲೇ ಕೆತ್ತಿಸಿದ ಹರಕೆಗಲ್ಲು

ಅಣ್ಣ ಗಿಸ್ಕೋನಿಗೆ,

ಕಾರ್ಥೇಜಿನಿಂದ ತಂಗಿ ಅರಿಶತ್ ಮಾಡುವ ವಂದನೆಗಳು. ನೀನು ಹೋಗಿದ್ದ ಹಡಗು ಮರಳಿತು. ಜ್ವರ ಬಂದದ್ದರಿಂದ ನಿನ್ನನ್ನು ಗದೀರ್ ಬಂದರಿನಲ್ಲೇ ಇಳಿಸಿ ಬಂದೆವು ಎಂದರು ನಾವಿಕರು. ಹೇಳುವಾಗ ಯಾರೂ ನನ್ನ ಮುಖ ನೋಡಲಿಲ್ಲ.

ಅಮ್ಮ ಮರುದಿನವೇ ತನಿತ್ ದೇವಿಗೆ ಹರಕೆಗಲ್ಲು ಮಾಡಿಸಲು ಹೋದಳು. "ದೇವಿ ನನ್ನ ಮೊರೆ ಕೇಳಿದಳು" ಎಂದು ಕೆತ್ತಿಸುವುದು ಮಗ ಮನೆ ಸೇರಿದ ಮೇಲಲ್ಲವೇ? ಕಲ್ಲುಕುಟಿಗನೂ ಅದನ್ನೇ ಕೇಳಿದ.

"ನೀನು ಸುಮ್ನೆ ಕೆತ್ತಪ್ಪ. ಕಲ್ಲು ನೋಡಿಯಾದ್ರೂ ದೇವಿಗೆ ನಾಚಿಕೆ ಆಗಿ ಮಗನ್ನ ಕಳಿಸ್ಲಿ" ಎಂದಳು ಅಮ್ಮ.

ಕಲ್ಲು ನೆಡುವಾಗ ಪೂಜಾರಿಗಳು, "ಹುಡುಗ ಬಂದ್ನೇನಮ್ಮ?" ಎಂದು ಕೇಳಿದರು.

"ಬಂದಿದಾನೆ ಸ್ವಾಮಿ, ಮನೇಲಿ ಮಲಗಿದಾನೆ" ಎಂದುಬಿಟ್ಟಳು. ಅದೂ ದೇವಿಯ ಎದುರಿಗೆ.

ಈಗ ಕೇರಿಯವರೆಲ್ಲ ಅಂಜೂರ, ದಾಳಿಂಬೆ ಹಿಡಿದು ನಿನ್ನನ್ನು ನೋಡಲು ಬರುತ್ತಿದ್ದಾರೆ. ಬಾಗಿಲಲ್ಲಿ ನಿಂತು ಉತ್ತರ ಹೇಳಬೇಕಾದವಳು ನಾನು.

"ಏನೇ, ಸಮುದ್ರದಲ್ಲಿ ಬಿಟ್ಟ ನಿದ್ದೆನೆಲ್ಲ ನಿಮ್ಮಣ್ಣ ಇಲ್ಲೇ ತೀರಿಸ್ತಾನಾ?" ಎಂದು ಪಕ್ಕದ ಮನೆಯ ಬತ್‌ಬಾಲ್ ಅತ್ತೆ ನಗುತ್ತಾಳೆ. "ಮಲಗಿದ್ದಾನೆ" ಎನ್ನುವಾಗಲೆಲ್ಲ ನನಗೆ ಒಂದೇ ಭಯ. ಎದ್ದೇಳದಂತೆ ಮಲಗಿಸಿ, ದೇವಿ ಆ ಮಾತನ್ನು ನಿಜ ಮಾಡಿಬಿಟ್ಟರೆ?

ಚಳಿಗಾಲಕ್ಕೆ ಮುಂಚೆ ಗದೀರಿಗೆ ಹೋಗಿ ಬರುವ ಕೊನೆಯ ಹಡಗಿನಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಮೈ ಸರಿಯಿಲ್ಲದಿದ್ದರೆ ಹೊರಡಬೇಡ, ಅಲ್ಲೇ ಇರು, ಬಿಸಿ ಗಂಜಿ ಕುಡಿ. ಆದರೆ ಪತ್ರ ತಂದವನ ಬಳಿ ಒಂದು ಮಾತು ಹೇಳಿ ಕಳಿಸು. ಸುಳ್ಳು ಹೇಳಿದ್ದಕ್ಕೆ ಅಮ್ಮನನ್ನು ಬೈದು ಕಳಿಸಿದರೂ ಸಾಕು.

ನಿನ್ನ ತಂಗಿ,
ಅರಿಶತ್